ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ

"ಎರಡು ಕಂಪ್ಯೂಟರ್ ಇದೆ. ಕೀಬೋರ್ಡ್, ಮೌಸ್, ಮಾನಿಟರ್ ಮಾತ್ರ ಒಂದೊಂದೇ ಸಾಕು. ಏನು ತಗೊಳ್ಳಲಿ?"

ಈ ಪ್ರಶ್ನೆಯನ್ನು ಫೋನಿನಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ, ಊಟಕ್ಕೆ ಕೂತಾಗಲೂ ಕೇಳಿದ್ದಾರೆ. ನನ್ನ ಮೇಜಿನ ಮೇಲೆ ಮೂರು ಕಂಪ್ಯೂಟರ್‌ಗಳಿಗೆ ಒಂದೇ ಕೀಬೋರ್ಡ್ ಇದೆ. ಅದನ್ನು ನೋಡಿದವರೆಲ್ಲ ಕೇಳುತ್ತಾರೆ. ಮೊದಲೆಲ್ಲ ಕೂರಿಸಿಕೊಂಡು, ಹಾಳೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಈಗ ನನ್ನಿಂದ ಆಗುವುದಿಲ್ಲ. ಇಲ್ಲಿ ಒಂದು ಸಲ ಬರೆದು ಇಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಪ್ರಶ್ನೆಯಲ್ಲಿ ತಪ್ಪಿಲ್ಲ. ಅದರ ಹಿಂದೆಯೇ ಬರುವ ಮಾತಿಗೆ ಸಿಟ್ಟು ಬರುತ್ತದೆ. "ಸುಮ್ನೆ ಒಂದು ಕೇಬಲ್ ಹಾಕಿದ್ರೆ ಆಗಲ್ವಾ?" ಆಗಲ್ಲ. ಆ "ಸುಮ್ನೆ" ಅನ್ನುವುದನ್ನು ದಯವಿಟ್ಟು ಬಿಡಿ. ಅದನ್ನು ನಂಬಿದವರು ಸೀದಾ ಹೋಗಿ ಎಚ್‌ಡಿಎಂಐ (ಮಾನಿಟರ್‌ಗೆ ಚಿತ್ರ ಒಯ್ಯುವ ಕೇಬಲ್) ಸ್ಪ್ಲಿಟರ್ ಕೊಂಡು ತರುತ್ತಾರೆ. ಆಮೇಲೆ ನನಗೆ ಫೋನ್ ಮಾಡುತ್ತಾರೆ. ಸ್ಪ್ಲಿಟರ್ ಮಾಡುವುದು ಉಲ್ಟಾ ಕೆಲಸ. ಒಂದು ಕಂಪ್ಯೂಟರ್‌ನ ಚಿತ್ರವನ್ನು ಎರಡು ಮಾನಿಟರ್‌ಗೆ ಹಂಚುತ್ತದೆ. ನಿಮಗೆ ಬೇಕಾದದ್ದು ಎರಡು ಕಂಪ್ಯೂಟರ್‌ಗಳಲ್ಲಿ ಒಂದನ್ನು ಆರಿಸಿ ಒಂದೇ ಮಾನಿಟರ್‌ಗೆ ಕೊಡುವ ಸ್ವಿಚ್. ಎರಡೂ ಡಬ್ಬಿಗಳು ನೋಡಲು ಒಂದೇ ಥರ ಇರುತ್ತವೆ. ಕೊಳ್ಳುವ ಮುಂಚೆ ಹೆಸರು ಸರಿಯಾಗಿ ಓದಿ.

ಕೀಬೋರ್ಡ್ ಕಥೆ ಇನ್ನೂ ಬೇರೆ. ಯುಎಸ್‌ಬಿಯಲ್ಲಿ ಕೀಬೋರ್ಡ್ ತಾನಾಗಿ ಮಾತಾಡುವುದಿಲ್ಲ. ಕಂಪ್ಯೂಟರ್ "ಏನಾದರೂ ಒತ್ತಿದರಾ?" ಎಂದು ಮತ್ತೆ ಮತ್ತೆ ಕೇಳುತ್ತಿರುತ್ತದೆ, ಕೀಬೋರ್ಡ್ ಉತ್ತರ ಕೊಡುತ್ತದೆ. ಸಾಮಾನ್ಯ ಮೌಸ್‌ಗೆ ಸೆಕೆಂಡಿಗೆ ಸುಮಾರು 125 ಸಲ ಈ ಪ್ರಶ್ನೆ ಹೋಗುತ್ತದೆ. ಒಂದು ಹೊತ್ತಿಗೆ ಕೇಳುವ ಯಜಮಾನ ಒಬ್ಬನೇ ಇರಬೇಕು ಎಂಬುದು ಯುಎಸ್‌ಬಿಯ ನಿಯಮ. ಎರಡು ಕಂಪ್ಯೂಟರ್‌ಗಳನ್ನು ಒಂದೇ ತಂತಿಗೆ ಸೇರಿಸಿದರೆ ಅದು ನಡೆಯುವುದಿಲ್ಲ. ಮಧ್ಯೆ ಕೂತು "ಈಗ ಇವನು, ಆಮೇಲೆ ಅವನು" ಎಂದು ಬದಲಿಸುವ ಒಂದು ಡಬ್ಬಿ ಬೇಕೇ ಬೇಕು.

ಆ ಡಬ್ಬಿಯೇ ಕೆವಿಎಂ ಸ್ವಿಚ್. ಕೀಬೋರ್ಡ್, ವಿಡಿಯೋ, ಮೌಸ್ ಎಂಬ ಮೂರು ಪದಗಳ ಮೊದಲ ಅಕ್ಷರ ಸೇರಿ ಆದ ಹೆಸರು. ಇದು ಸರ್ವರ್ ಕೋಣೆಗಳಲ್ಲಿ ಬಹಳ ಹಿಂದಿನಿಂದ ಇರುವ ವಸ್ತು. ಸಾಲಾಗಿ ನಿಂತ ಹತ್ತಾರು ಯಂತ್ರಗಳಿಗೆ ತಲಾ ಒಂದು ಮಾನಿಟರ್ ಇಡುವುದಕ್ಕೆ ಜಾಗ ಎಲ್ಲಿ? ಒಬ್ಬರು ಒಂದು ಕೀಬೋರ್ಡ್ ಮುಂದೆ ಕೂತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಗುಂಡಿ ಒತ್ತಿದರೆ ಯಂತ್ರ ಬದಲಾಗುತ್ತದೆ. ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿ ಬದಲಿಸುವ ರೂಢಿ ಎಷ್ಟೋ ಡಬ್ಬಿಗಳಲ್ಲಿ ಈಗಲೂ ಇದೆ.

"ಹಾಗಾದ್ರೆ ಯಾವ ಕೆವಿಎಂ ಒಳ್ಳೇದು?" ಎಂಬುದು ಮುಂದಿನ ಪ್ರಶ್ನೆ. ನಿಮ್ಮ ಮಾನಿಟರ್ ಯಾವುದು, ಲ್ಯಾಪ್‌ಟಾಪ್‌ನಲ್ಲಿ ಯಾವ ಪೋರ್ಟ್ ಇದೆ ಎಂದು ಹೇಳದೆ ಇದನ್ನು ಕೇಳಬೇಡಿ. 4ಕೆ, ಅಂದರೆ ತುಂಬಾ ಸೂಕ್ಷ್ಮ ಚಿತ್ರದ ಮಾನಿಟರ್ ಇಟ್ಟುಕೊಂಡು ಎಚ್‌ಡಿಎಂಐನ ಹಳೆಯ 1.4 ಆವೃತ್ತಿಯ ಡಬ್ಬಿ ತಂದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೊಸದಾಗುತ್ತದೆ. ಮೌಸಿನ ಬಾಣ ಕೈ ಹಿಂದೆ ಎಳೆದುಕೊಂಡು ಬಂದಂತೆ ಕಾಣುತ್ತದೆ. ಕಣ್ಣು ನೋಯುತ್ತದೆ. 60 ಸಲ ಬೇಕಾದರೆ ಎಚ್‌ಡಿಎಂಐ 2.0 ಬೇಕು, ಅಂದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ದಾರಿ. ಡಬ್ಬಿಯ ಮೇಲೆ ದೊಡ್ಡದಾಗಿ "4ಕೆ" ಎಂದಷ್ಟೇ ಬರೆದು 30 ಎಂಬ ಅಂಕಿಯನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕುವವರಿದ್ದಾರೆ. ನನಗೆ ಇದು ಮೋಸ ಅನ್ನಿಸುತ್ತದೆ.

ಇನ್ನೊಂದು ತೊಂದರೆಯನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಪ್ರತಿ ಮಾನಿಟರ್ ಒಳಗೆ ಇಡಿಐಡಿ ಎಂಬ ಪುಟ್ಟ ಪರಿಚಯ ಚೀಟಿ ಇರುತ್ತದೆ. ಅದರ ಮೂಲ ಭಾಗ 128 ಬೈಟ್, ಅಷ್ಟೇ. ನಾನು ಇಂಥ ಮಾನಿಟರ್, ನನ್ನ ಅಳತೆ ಇಷ್ಟು ಎಂದು ಕಂಪ್ಯೂಟರ್‌ಗೆ ಹೇಳುವುದು ಅದೇ. ಅಗ್ಗದ ಡಬ್ಬಿಯಲ್ಲಿ ನೀವು ಎರಡನೇ ಕಂಪ್ಯೂಟರ್‌ಗೆ ಹೋದ ಕ್ಷಣ, ಮೊದಲನೆಯದಕ್ಕೆ ಮಾನಿಟರನ್ನೇ ಕಿತ್ತುಕೊಂಡು ಹೋದಂತೆ ಆಗುತ್ತದೆ. ಅದು ತೆರೆದಿದ್ದ ಕಿಟಕಿಗಳನ್ನೆಲ್ಲ ಲ್ಯಾಪ್‌ಟಾಪ್‌ನ ಸಣ್ಣ ಪರದೆಗೆ ಗುಡ್ಡೆ ಹಾಕುತ್ತದೆ. ವಾಪಸ್ ಬಂದರೆ ಮತ್ತೆ ಎಲ್ಲ ಜೋಡಿಸಿಕೊಳ್ಳಬೇಕು. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ತಲೆ ಕೆಡುತ್ತದೆ. ಇಡಿಐಡಿ ಎಮ್ಯುಲೇಶನ್ ಇರುವ ಡಬ್ಬಿ ಮಾನಿಟರ್ ಪರವಾಗಿ ತಾನೇ ಆ ಚೀಟಿ ತೋರಿಸುತ್ತಾ ಇರುತ್ತದೆ. ಕಂಪ್ಯೂಟರ್‌ಗೆ ನೀವು ಎದ್ದು ಹೋದದ್ದೇ ಗೊತ್ತಾಗುವುದಿಲ್ಲ. ಈ ಒಂದಕ್ಕೆ ಜಾಸ್ತಿ ದುಡ್ಡು ಕೊಡಿ. ನಾನು ಕೊಟ್ಟಿದ್ದೇನೆ, ಅದಕ್ಕೆ ಬೇಜಾರಿಲ್ಲ.

ಡಬ್ಬಿಯೇ ಬೇಡ, ಸಾಫ್ಟ್‌ವೇರ್‌ನಲ್ಲೇ ಮಾಡಬಹುದಲ್ವಾ ಎನ್ನುವವರಿಗೆ: ಮಾಡಬಹುದು, ಆದರೆ ಅದು ಬೇರೆ ವಿಷಯ. 2001ರಿಂದ ಇರುವ ಸಿನರ್ಜಿ, ಅದರಿಂದ ಕವಲೊಡೆದ ಬ್ಯಾರಿಯರ್, ಇನ್‌ಪುಟ್ ಲೀಪ್, ವಿಂಡೋಸ್‌ನ ಪವರ್‌ಟಾಯ್ಸ್ ಒಳಗೆ 2023ರಲ್ಲಿ ಸೇರಿದ ಮೌಸ್ ವಿದೌಟ್ ಬಾರ್ಡರ್ಸ್, ಮ್ಯಾಕ್ ಮತ್ತು ಐಪ್ಯಾಡ್‌ಗಳಿಗೆ 2022ರಲ್ಲಿ ಬಂದ ಯೂನಿವರ್ಸಲ್ ಕಂಟ್ರೋಲ್, ಇವೆಲ್ಲ ಕೀಲಿ ಒತ್ತಿದ್ದನ್ನು ನೆಟ್‌ವರ್ಕ್ ಮೂಲಕ ಪಕ್ಕದ ಕಂಪ್ಯೂಟರ್‌ಗೆ ಕಳಿಸುತ್ತವೆ. ಬಾಣ ಒಂದು ಪರದೆಯ ಅಂಚು ದಾಟಿ ಮತ್ತೊಂದು ಪರದೆಗೆ ಹೋಗುತ್ತದೆ. ನೋಡಲು ತುಂಬಾ ಚೆಂದ. ಆದರೆ ಪ್ರತಿ ಕಂಪ್ಯೂಟರ್‌ಗೂ ಅದರದೇ ಪರದೆ ಇರಬೇಕು. ಮಾನಿಟರ್ ಹಂಚಿಕೆ ಇಲ್ಲಿ ಇಲ್ಲ. ಕಂಪ್ಯೂಟರ್ ಈಗಷ್ಟೇ ಆನ್ ಆಗಿ ಬಯೋಸ್ ಪರದೆಯಲ್ಲಿ (ವಿಂಡೋಸ್ ಮುಂತಾದವು ಶುರುವಾಗುವ ಮುಂಚಿನ ಪರದೆ) ನಿಂತಿದ್ದರೆ ಇವು ಅಲ್ಲಿಗೆ ಮುಟ್ಟುವುದಿಲ್ಲ, ಯಾಕೆಂದರೆ ಪ್ರೋಗ್ರಾಂ ಇನ್ನೂ ಶುರುವೇ ಆಗಿರುವುದಿಲ್ಲ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಇಂಥದ್ದನ್ನು ಹಾಕಲು ಅನುಮತಿ ಬೇಕಾಗಬಹುದು. ಕೇಳದೆ ಹಾಕಬೇಡಿ.

ಈಗ ನನಗೆ ಆದದ್ದನ್ನು ಹೇಳುತ್ತೇನೆ.

ಆಗ ನನ್ನ ಬಳಿ ಕೆವಿಎಂ ಇರಲಿಲ್ಲ. ಕೀಬೋರ್ಡ್ ಮತ್ತು ಮೌಸ್‌ಗೆ ಒಂದು ಯುಎಸ್‌ಬಿ ಸ್ವಿಚ್ ಇತ್ತು. ಮಾನಿಟರ್‌ಗೆ ಅದರ ಕೆಳಗಿನ ಗುಂಡಿಯೇ ಗತಿ. ಅಂದರೆ ಕಂಪ್ಯೂಟರ್ ಬದಲಿಸಲು ಎರಡು ಗುಂಡಿ ಒತ್ತಬೇಕು. ತಿಂಗಳುಗಟ್ಟಲೆ ಸರಿಯಾಗಿಯೇ ಒತ್ತಿದೆ. ಒಂದು ಸಂಜೆ ಮಾನಿಟರ್ ಗುಂಡಿ ಮಾತ್ರ ಒತ್ತಿದೆ. ಪರದೆಯಲ್ಲಿ ನನ್ನ ಸ್ವಂತ ಕಂಪ್ಯೂಟರ್ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ಹೊಡೆದೆ, ಎಂಟರ್ ಒತ್ತಿದೆ. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ನಿದ್ದೆಯಲ್ಲಿರಬೇಕು ಅಂದುಕೊಂಡೆ. ಇನ್ನೊಂದು ಸಲ ಹೊಡೆದೆ, ಎಂಟರ್ ಒತ್ತಿದೆ.

ಕೀಬೋರ್ಡ್ ಎಚ್ಚರವಾಗಿಯೇ ಇತ್ತು. ಅದು ಆಫೀಸಿನ ಲ್ಯಾಪ್‌ಟಾಪ್‌ಗೆ ಮಾತಾಡುತ್ತಿತ್ತು. ಅಲ್ಲಿ ಚಾಟ್ ಕಿಟಕಿ ತೆರೆದಿತ್ತು. ಇಡೀ ತಂಡ ಇರುವ ಗುಂಪಿಗೆ ನನ್ನ ಪಾಸ್‌ವರ್ಡ್ ಎರಡು ಸಲ ಹೋಯಿತು. ಒಂದು ನಿಮಿಷದಲ್ಲಿ ಸಹೋದ್ಯೋಗಿಯ ಫೋನ್ ಬಂತು. "ಏನ್ರೀ ಇದು? ಪಾಸ್‌ವರ್ಡ್ ಥರ ಕಾಣ್ತಿದೆ. ಬೇಗ ಅಳಿಸಿ." ಅಳಿಸಿದೆ. ಅಷ್ಟರಲ್ಲಿ ಯಾರು ಯಾರು ನೋಡಿದ್ದರೋ. ಆ ರಾತ್ರಿ ಎಲ್ಲ ಕಡೆ ಪಾಸ್‌ವರ್ಡ್ ಬದಲಿಸಿ ಮುಗಿಸುವಾಗ ಹನ್ನೆರಡು ದಾಟಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಈಗ ನೆನೆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವತ್ತಿನಿಂದ ನನಗೆ "ಯಾವ ಡಬ್ಬಿ" ಎಂಬ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ನೀವು ನನ್ನನ್ನು ಕೇಳಬೇಕಾದದ್ದು ಬೇರೆ: "ನಾನು ಈಗ ಯಾವ ಕಂಪ್ಯೂಟರ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ ಎಂದು ನನಗೆ ಹೇಗೆ ಗೊತ್ತಾಗಬೇಕು?" ಇದನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತಿದ್ದೆ.

ಮೊದಲನೆಯದಾಗಿ, ಕಣ್ಣು ಮತ್ತು ಕೈ ಒಟ್ಟಿಗೆ ಬದಲಾಗಬೇಕು. ಒಂದೇ ಗುಂಡಿ, ಒಂದೇ ಕ್ಷಣ. ಕೆವಿಎಂನ ನಿಜವಾದ ಬೆಲೆ ಇರುವುದು ಇಲ್ಲಿ, ಒಂದು ಕೀಬೋರ್ಡ್ ಉಳಿತಾಯ ಆಯಿತು ಎಂಬುದರಲ್ಲಿ ಅಲ್ಲ. ಈಗ ಕೆಲವು ಮಾನಿಟರ್‌ಗಳ ಒಳಗೇ ಕೆವಿಎಂ ಇರುತ್ತದೆ. ಲ್ಯಾಪ್‌ಟಾಪ್‌ಗೆ ಒಂದು ಯುಎಸ್‌ಬಿ-ಸಿ ಕೇಬಲ್, ಇನ್ನೊಂದು ಕಂಪ್ಯೂಟರ್‌ಗೆ ಒಂದು ವಿಡಿಯೋ ಕೇಬಲ್ ಮತ್ತು ಒಂದು ಯುಎಸ್‌ಬಿ ಕೇಬಲ್. ಕೀಬೋರ್ಡನ್ನು ಮಾನಿಟರ್‌ಗೇ ಚುಚ್ಚಬೇಕು. ಚಿತ್ರದ ಜೊತೆ ಕೀಬೋರ್ಡೂ ಬರುವಂತೆ ಮಾನಿಟರ್‌ನ ಮೆನುವಿನಲ್ಲಿ ಒಂದು ಸಲ ಹೊಂದಿಸಬೇಕಾಗಬಹುದು. ಹೊಸ ಮಾನಿಟರ್ ಕೊಳ್ಳುವವರಿಗೆ ನನ್ನ ಮೊದಲ ಸಲಹೆ ಇದೇ.

ಹೊಸದು ಕೊಳ್ಳಲು ಆಗದಿದ್ದರೂ ದಾರಿ ಇದೆ. ಡಿಡಿಸಿ/ಸಿಐ ಎಂಬ ವ್ಯವಸ್ಥೆಯಲ್ಲಿ ಕಂಪ್ಯೂಟರೇ ವಿಡಿಯೋ ಕೇಬಲ್ ಮೂಲಕ ಮಾನಿಟರ್‌ಗೆ "ಆ ಪೋರ್ಟ್‌ಗೆ ಹೋಗು" ಎಂದು ಹೇಳಬಹುದು. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್ ಎಂಬ ಪ್ರೋಗ್ರಾಂ ಇದನ್ನು ಮಾಡುತ್ತದೆ. ಯುಎಸ್‌ಬಿ ಸ್ವಿಚ್ ಒತ್ತಿದಾಗ ಕೀಬೋರ್ಡ್ ಬಂದದ್ದನ್ನು ಗಮನಿಸಿ, ತಕ್ಷಣ ಮಾನಿಟರನ್ನೂ ತಿರುಗಿಸುವ ಉಚಿತ ಪ್ರೋಗ್ರಾಂಗಳೂ ಇವೆ. ನಿಮ್ಮ ಮಾನಿಟರ್ ಈ ಮಾತು ಕೇಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಎಲ್ಲವೂ ಕೇಳುವುದಿಲ್ಲ.

ಸಾಫ್ಟ್‌ವೇರ್ ದಾರಿ ಹಿಡಿದವರು ಕ್ಲಿಪ್‌ಬೋರ್ಡ್ ಮೇಲೆ ಕಣ್ಣಿಡಿ. ಒಂದು ಕಡೆ ಕಾಪಿ ಮಾಡಿದ್ದು ಇನ್ನೊಂದು ಕಡೆ ಪೇಸ್ಟ್ ಆಗುತ್ತದೆ. ಅನುಕೂಲ ನಿಜ. ಆದರೆ ಮನೆಯ ಬ್ಯಾಂಕ್ ಪಾಸ್‌ವರ್ಡ್ ಕೂಡ ಹಾಗೆಯೇ ಆಫೀಸಿನ ಯಂತ್ರಕ್ಕೆ ಹೋಗುತ್ತದೆ. ಗುಟ್ಟಿನ ಕೆಲಸ ನಡೆಯುವ ಕಡೆ ಬಳಸುವ ಸೆಕ್ಯೂರ್ ಕೆವಿಎಂಗಳಲ್ಲಿ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಏನೂ ಸೋರದಂತೆ ಕಟ್ಟುತ್ತಾರೆ. ಕೀಬೋರ್ಡ್‌ನಿಂದ ಕಂಪ್ಯೂಟರ್‌ಗೆ ಮಾಹಿತಿ ಹೋಗುವುದು ಒಂದೇ ದಿಕ್ಕಿನಲ್ಲಿ. ಸಾಮಾನ್ಯ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ದೀಪ ಹೊತ್ತುವುದೇ ಕಂಪ್ಯೂಟರ್ ವಾಪಸ್ ಹೇಳಿ ಕಳಿಸಿದಾಗ. ಆ ಸಣ್ಣ ದೀಪದ ದಾರಿಯನ್ನೂ ಅಲ್ಲಿ ನಂಬುವುದಿಲ್ಲ. ಅಷ್ಟು ಎಚ್ಚರ ನಮಗೆ ಬೇಡ. ಆದರೆ ಯಾಕೆ ಅಷ್ಟು ಎಚ್ಚರ ವಹಿಸುತ್ತಾರೆ ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟು ಓದಿಯೂ ನನ್ನನ್ನೇ ಕೇಳಬೇಕು ಅನ್ನಿಸಿದರೆ ಕೇಳಿ. ಎಷ್ಟು ಕಂಪ್ಯೂಟರ್, ಯಾವ ಪೋರ್ಟ್, ಎರಡೂ ಪರದೆ ಒಟ್ಟಿಗೆ ಕಾಣಬೇಕಾ ಅಥವಾ ಒಂದಾದ ಮೇಲೊಂದು ಸಾಕಾ, ಇಷ್ಟನ್ನು ಮಾತ್ರ ಮೊದಲೇ ಹೇಳಿ.

ನನ್ನ ಮೂರು ಕಂಪ್ಯೂಟರ್‌ಗಳ ಹಿನ್ನೆಲೆ ಈಗ ಮೂರು ಬಣ್ಣ: ಹಸಿರು, ನೀಲಿ, ಕಡು ಕೆಂಪು. ಕೆಂಪು ಆಫೀಸಿನದು. ಎಲ್ಲ ಒಂದೇ ಗುಂಡಿಯಲ್ಲಿ ಬದಲಾಗುತ್ತದೆ. ಆದರೂ ಪಾಸ್‌ವರ್ಡ್ ಹೊಡೆಯುವ ಮುಂಚೆ ಒಮ್ಮೆ ಮೌಸ್ ಅಲ್ಲಾಡಿಸುತ್ತೇನೆ. ಪರದೆಯ ಮೇಲೆ ಬಾಣ ಕದಲಬೇಕು. ಕದಲಿದ ಮೇಲೆಯೇ ಕೈ ಕೀಬೋರ್ಡ್‌ಗೆ ಹೋಗುತ್ತದೆ.