ಕರೆಂಟಿನ ದಲ್ಲಾಳಿ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು ನಾನು. ಜೋಳಕ್ಕೆ ನಾಲ್ಕು ಕಡೆ ದರ ವಿಚಾರಿಸಿದ್ದೇನೆ, ಗೋಣಿಚೀಲಕ್ಕೆ ವಿಚಾರಿಸಿದ್ದೇನೆ, ಮಗಳ ಮದುವೆಯ ಬಾಳೆಎಲೆಗೂ ವಿಚಾರಿಸಿದ್ದೇನೆ. ಕರೆಂಟಿಗೂ ಹಾಗೆ ಮಾಡಬಹುದು ಅಂತ ಗೊತ್ತಾಗಿದ್ದು ಮಾತ್ರ 2025ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಗಳ ಅಡುಗೆಮನೆಯಲ್ಲಿ ಕೂತಿದ್ದಾಗ.

"ಅಪ್ಪಾಜಿ, ಕರೆಂಟ್ ಕಂಪನಿ ಬದಲಾಯಿಸ್ತಿದೀನಿ, ಐದು ನಿಮಿಷ" ಅಂತ ಲ್ಯಾಪ್‌ಟಾಪ್ ತೆರೆದಳು. ಲೈನ್‌ಮನ್ ಬಂದು ಕಂಬ ಹತ್ತುತ್ತಾನೆ, ಸಂಜೆತನಕ ಕರೆಂಟ್ ಇರಲ್ಲ ಅಂತ ನಾನು ಅಂದುಕೊಂಡೆ. ನಮ್ಮ ಮನೆಯವರು ಹಾಲು ಕಾಯಿಸಿಡೋಕೆ ಎದ್ದೇಬಿಟ್ಟರು. ಅದ್ಯಾವುದೂ ಇಲ್ಲ. ತಂತಿ ಅದೇ, ಮೀಟರ್ ಅದೇ, ಬಿಲ್ ಕಳಿಸೋ ಅಂಗಡಿ ಮಾತ್ರ ಬೇರೆ. "ಹಂಗಾರೆ ಹೊಸ ಕಂಪನಿ ಕರೆಂಟು ಯಾವ ದಾರೀಲಿ ಬರತ್ತೆ?" ಅಂತ ಇವರು ಕೇಳಿದರು. ನಮ್ಮ ಟಿವಿ ಸ್ಟೇಷನ್ ಕೆರೆಯ ಲೆಕ್ಕ ಹೇಳಿದೆ. ಹತ್ತು ಜನ ನೀರು ತಂದು ಕೆರೆಗೆ ಸುರಿದರು ಅನ್ಕೊ, ನಲ್ಲೀಲಿ ಬರೋದು ಎಲ್ಲ ಬೆರೆತ ನೀರೇ. ನೀನು ಯಾರಿಗೆ ದುಡ್ಡು ಕೊಡ್ತೀಯ ಅನ್ನೋದಷ್ಟೇ ಖಾತೆ ಪುಸ್ತಕದಲ್ಲಿ ಬೇರೆ ಬೇರೆ.

ಅಲ್ಲಿ ಮನೆಮನೆಗೂ ಈ ಸೌಲಭ್ಯ ಪೂರ್ತಿ ಸಿಕ್ಕಿದ್ದು 1999ರಲ್ಲಂತೆ. ಅದೇ ವರ್ಷ ನಮ್ಮಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮೂರು ಬೆಸ್ಕಾಂ ಪಾಲಾಯಿತು. ನಾವು ಇವತ್ತಿಗೂ "ಕೆಇಬಿಯೋರು ಕರೆಂಟ್ ತೆಗೆದ್ರು" ಅಂತಲೇ ಅನ್ನೋದು, ಅದು ಬೇರೆ ಮಾತು.

ಮಗಳು ದರ ಹೋಲಿಸೋ ವೆಬ್‌ಸೈಟಿಗೆ ಹೋಗಿ ಪೋಸ್ಟ್‌ಕೋಡ್ ಹಾಕಿದಳು, ಈಗಿನ ಕಂಪನಿ ಯಾವುದು ಅಂತ ಹೇಳಿದಳು. ವರ್ಷಕ್ಕೆ ಎಷ್ಟು ಯೂನಿಟ್ ಸುಡ್ತೀರಿ ಅಂತ ಅದು ಕೇಳಿತು. "ಯಾರಿಗ್ಗೊತ್ತು" ಅಂತ 'ಮಧ್ಯಮ' ಅನ್ನೋದನ್ನ ಒತ್ತಿದಳು. ದೊಡ್ಡದೊಂದು ಪಟ್ಟಿ ಬಂತು. ಮೇಲಿನ ಸಾಲಿನಲ್ಲೇ ಹಸಿರು ಅಕ್ಷರದಲ್ಲಿ ವರ್ಷಕ್ಕೆ 75 ಪೌಂಡ್ ಉಳಿತಾಯ ಅಂತಿತ್ತು. ಬೆರಳು ಬಟನ್ ಹತ್ತಿರ ಹೋಯಿತು.

"ತಡಿಯವ್ವ. ಈ ವೆಬ್‌ಸೈಟಿನೋರು ಹೊಟ್ಟೆಪಾಡಿಗೇನು ಮಾಡ್ತಾರೆ?" ಅಂದೆ.

"ನಾವು ಇಲ್ಲಿಂದ ಹೋಗಿ ಸೇರಿದರೆ ಆ ಕಂಪನಿ ಇವರಿಗೆ ಕಮಿಷನ್ ಕೊಡತ್ತೆ."

ದಲ್ಲಾಳಿ! ಅಷ್ಟು ದೂರದ ಊರಲ್ಲಿ ನಮ್ಮೋರೇ ಸಿಕ್ಕ ಹಾಗಾಯಿತು. ದಲ್ಲಾಳಿ ಮೇಲೆ ನನಗೆ ಸಿಟ್ಟಿಲ್ಲ, ಮೂವತ್ತೊಂದು ವರ್ಷ ನನಗೆ ಅನ್ನ ಹಾಕಿದವರೇ ಅವರು. ಆದರೆ ಅವನ ಜೇಬಿಗೆ ದುಡ್ಡು ಯಾವ ಕಡೆಯಿಂದ ಬೀಳತ್ತೆ ಅಂತ ತಿಳಿದ ಮೇಲೆ ಅವನ ಮಾತು ಕೇಳಬೇಕು. ಮಂಡೀಲಿ ಇನ್ನೊಂದು ಮಾತಿತ್ತು: ದರ ಕೇಳಿ ಕುಣೀಬೇಡ, ಹಮಾಲಿ, ತೂಕ ಎಲ್ಲ ಕಳೆದು ಲೆಕ್ಕದ ಚೀಟಿಯ ಕಡೇ ಸಾಲಲ್ಲಿ ಏನಿದೆ ನೋಡು.

ಪಟ್ಟಿಯ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕ ಚೌಕವೊಂದಿತ್ತು. 'ನಮ್ಮ ಮೂಲಕ ಸೇರಬಹುದಾದವು ಮಾತ್ರ' ಅಂತ ಟಿಕ್ ಮೊದಲೇ ಬಿದ್ದಿತ್ತು. ತೆಗೆಸಿದೆ. ಪಟ್ಟಿ ಇನ್ನೂ ಉದ್ದವಾಯಿತು.

ಆಮೇಲೆ ಯೂನಿಟ್ಟಿನ ಲೆಕ್ಕ. ಮೀಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಲ್ಲಿ, ಅಳಿಯಂದಿರ ಬೂಟುಗಳ ಹಿಂದೆ. ಮೊಬೈಲ್ ಬೆಳಕಲ್ಲಿ ಮಂಡಿಯೂರಿ ನಂಬರು ಓದಿದೆ, ಮಗಳು ಹಳೇ ಬಿಲ್ಲು ತೆಗೆದಳು. ವರ್ಷಕ್ಕೆ ಬಂದಿದ್ದು 1,600 ಯೂನಿಟ್. ವೆಬ್‌ಸೈಟು 'ಮಧ್ಯಮ' ಅಂತ ಹಿಡಿದಿದ್ದು 2,700. ಅಲ್ಲಿನ ವಿದ್ಯುತ್ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಸಾಮಾನ್ಯ ಮನೆಗೆ ಆಗ ಇಟ್ಟುಕೊಂಡಿದ್ದ ಅಂದಾಜು ಅದು. ಗಂಡ ಹೆಂಡತಿ ಇಬ್ಬರೂ ದಿನವಿಡೀ ಆಫೀಸಲ್ಲಿರೋ ಮನೆಗೆ ಅದು ಹೊಂದಲ್ಲ. ಮನೆ ಬೆಚ್ಚಗಿಡೋದಕ್ಕೆ ಗ್ಯಾಸ್, ಅದರ ಖಾತೆ ಬೇರೆ.

ಕ್ಯಾಲೆಂಡರಿನ ಹಳೇ ಹಾಳೆ ಹಿಂದೆ ಬರೆದೆ. ಮೊದಲ ಸಾಲಿನ ಕಂಪನಿ ಯೂನಿಟ್ಟಿಗೆ 22 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್). ಜೊತೆಗೆ ಸ್ಟ್ಯಾಂಡಿಂಗ್ ಚಾರ್ಜ್ ಅಂತ ದಿನಕ್ಕೆ 62 ಪೆನ್ಸ್, ದೀಪ ಹಚ್ಚಿದರೂ ಅಷ್ಟೇ, ಬೀಗ ಹಾಕಿಕೊಂಡು ಊರಿಗೆ ಬಂದರೂ ಅಷ್ಟೇ. ಟಿಕ್ ತೆಗೆದ ಮೇಲೆ ಕಾಣಿಸಿಕೊಂಡ ಇನ್ನೊಂದು ಕಂಪನಿ ಯೂನಿಟ್ಟಿಗೆ 25.2, ಆದರೆ ದಿನಕ್ಕೆ 42 ಮಾತ್ರ. 2,700 ಯೂನಿಟ್ ಸುಡೋರಿಗೆ ಮೊದಲನೇದು ವರ್ಷಕ್ಕೆ 820 ಪೌಂಡ್, ಎರಡನೇದು 834. ಅಂದಾಜು ಸರಿಯಾಗಿದ್ದರೆ ವೆಬ್‌ಸೈಟ್ ಹೇಳಿದ್ದು ನಿಜವೇ. ಆದರೆ 1,600ಕ್ಕೆ ಮೊದಲನೇದು 578, ಎರಡನೇದು 556 ಚಿಲ್ಲರೆ. ಆ 75ರ ಉಳಿತಾಯ ಮಗಳ ಮನೆಯ ಯೂನಿಟ್ಟಿಗೆ 43ಕ್ಕೆ ಇಳಿಯುತ್ತಿತ್ತು, ಎರಡನೇದರಲ್ಲಿ 65 ಹತ್ತಿರ ಬರುತ್ತಿತ್ತು. ಮೇಲಾಗಿ ಮೊದಲನೇದನ್ನ ವರ್ಷ ತುಂಬೋ ಮೊದಲು ಬಿಟ್ಟರೆ 50 ಪೌಂಡ್ ದಂಡ, ಎರಡನೇದಕ್ಕೆ ಅದಿಲ್ಲ.

"22 ಪೌಂಡಿಗೆ ಇಷ್ಟೊತ್ತಾ ಅಪ್ಪಾಜಿ" ಅಂತ ಮಗಳು ನಕ್ಕಳು. ನಮ್ಮ ದುಡ್ಡಲ್ಲಿ ಎರಡು ಸಾವಿರದ ಮೇಲಾಯಿತಲ್ಲ ತಾಯಿ. ಮನೆಮಂದಿಯೆಲ್ಲ ಎಷ್ಟು ಸಲ ಬೆಣ್ಣೆದೋಸೆ ತಿಂದು ಬರಬಹುದು.

ಆ ಎರಡನೇ ಕಂಪನಿಯ ಎದುರಿಗೆ ಸೇರಿಕೊಳ್ಳೋ ಬಟನ್ನೇ ಇರಲಿಲ್ಲ. ಕಮಿಷನ್ ಕೊಡದವರಿಗೆ ಬಟನ್ ಯಾಕೆ ಕೊಡ್ತಾರೆ? ಅವರದೇ ವೆಬ್‌ಸೈಟಿಗೆ ಹೋಗಿ ಸೇರಿದ್ದಾಯಿತು. ಮನಸ್ಸು ಬದಲಾದರೆ ಬಿಡೋಕೆ 14 ದಿನ ಟೈಮಿದೆ.

ಅಳಿಯಂದಿರಿಗೆ ಮಾತ್ರ ಅನುಮಾನ. 2021ರಲ್ಲಿ ಗ್ಯಾಸಿನ ಸಗಟು ದರ ಏರಿ ಹತ್ತಿರ ಹತ್ತಿರ ಮೂವತ್ತು ಕಂಪನಿ ಮುಳುಗಿದ್ದವಂತೆ, ಅಗ್ಗ ಅಂತ ಸೇರಿದವರೆಲ್ಲ ಕಂಗಾಲು. ಕರೆಂಟೇನೂ ಹೋಗಲಿಲ್ಲ, ಆಫ್‌ಜೆಮ್ ಅವರನ್ನ ಬೇರೆ ಕಂಪನಿಗೆ ದಾಟಿಸಿತು, ದರ ಮಾತ್ರ ಹಳೇದು ಉಳಿಯಲಿಲ್ಲ. ಆಫ್‌ಜೆಮ್ 2019ರಿಂದ ಬೆಲೆಮಿತಿ ಅಂತಲೂ ಇಟ್ಟಿದೆ. ಪೇಪರಲ್ಲಿ ವರ್ಷಕ್ಕೆ ಇಷ್ಟು ಪೌಂಡ್ ಅಂತ ಹಾಕೋದು ನೋಡಿ ಬಿಲ್ಲಿಗೇ ಮಿತಿ ಅಂತ ಅಳಿಯಂದಿರು ತಿಳಿದಿದ್ದರು. ಮಿತಿ ಇರೋದು ಯೂನಿಟ್ ದರಕ್ಕೆ, ದಿನದ ಚಾರ್ಜಿಗೆ. ಜಾಸ್ತಿ ಸುಟ್ಟರೆ ಜಾಸ್ತಿನೇ ಕೊಡಬೇಕು.

ಬದಲಾಗೋ ದಿನ ಮತ್ತೆ ಆ ಗೂಡಿಗೆ ನುಗ್ಗಿ ಮೀಟರಿನ ಫೋಟೊ ತೆಗೆದೆ. ಅದೇ ಕಾಪಾಡಿದ್ದು. ಹಳೇ ಕಂಪನಿ ಕೊನೇ ಬಿಲ್ಲನ್ನ ಅಂದಾಜಿನ ಮೇಲೆ ಮಾಡಿ 180 ಯೂನಿಟ್ ಜಾಸ್ತಿ ತೋರಿಸಿತ್ತು. ಮಗಳು ಫೋನ್ ಹಿಡಿದು ಮುಕ್ಕಾಲು ಗಂಟೆ ಅವರ ಸಂಗೀತ ಕೇಳಿದಳು. ಫೋಟೊ ಕಳಿಸಿದ ಮೇಲೆ ಬಿಲ್ ತಿದ್ದಿದರು, ಅವಳ ಹೆಸರಲ್ಲಿ ಜಮಾ ಇದ್ದ ದುಡ್ಡೂ ವಾಪಸ್ ಬಂತು.

ಏಪ್ರಿಲ್‌ನಲ್ಲಿ ಊರಿಗೆ ಬಂದೆವು. ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ "ಇದು ಯಾವ ಅಂಗಡಿ ಕರೆಂಟು?" ಅಂತ ನಮ್ಮ ಮನೆಯವರು ಕೇಳಿದರು, ಆಗಲೇ ಪಾಠ ಕಲಿತುಬಿಟ್ಟಿದ್ದರು. ನಮಗಿರೋದು ಒಂದೇ ಅಂಗಡಿ. ಮುಂಬೈನ ಕೆಲವು ಕಡೆ ಒಂದೇ ತಂತೀಲಿ ಕಂಪನಿ ಬದಲಾಯಿಸೋ ಅವಕಾಶ ಇದೆ. ಅಂಥದ್ದನ್ನೇ ಎಲ್ಲ ಕಡೆ ತರೋ ಮಸೂದೆ 2022ರಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಗಿತ್ತು.

ಆದರೂ ಅಭ್ಯಾಸ ಬಿಡಲಿಲ್ಲ. ನಮ್ಮ ಬಿಲ್ಲಿನ ಕಡೇ ಸಾಲು ಬಿಟ್ಟು ಈ ಸಲ ಮೇಲಿನ ಸಾಲು ನೋಡಿದೆ: ಮಂಜೂರಾದ ಲೋಡ್, ಅಂದರೆ ಒಟ್ಟಿಗೆ ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ, 4 ಕಿಲೋವ್ಯಾಟ್. ಮಹಡಿಯ ಬಾಡಿಗೆಯವರಿಗೆ ಅಂತ ಯಾವಾಗಲೋ ಏರಿಸಿದ್ದು, ಅವರು ಖಾಲಿ ಮಾಡಿ ವರ್ಷಗಳಾದವು. ಆಗ, 2025ರಲ್ಲಿ, ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಇತ್ತು. ಅಂದರೆ ನಮ್ಮದೇ ಸ್ಟ್ಯಾಂಡಿಂಗ್ ಚಾರ್ಜ್. ಗೃಹಜ್ಯೋತಿ ಇರೋ ಮನೆಗೆ ಇದು ತಟ್ಟಲ್ಲ, ನಮ್ಮದು 200 ಯೂನಿಟ್ ದಾಟೋ ಮನೆ. 2 ಕಿಲೋವ್ಯಾಟಿಗೆ ಇಳಿಸಿದರೆ ತಿಂಗಳಿಗೆ 290 ಉಳಿತು.

ಅರ್ಜಿ ಹಿಡಿದು ಹೋದಾಗ ಕೌಂಟರಿನ ಹುಡುಗ ಎರಡು ಸಲ ಓದಿದ. "ಯಜಮಾನ್ರೆ, ಎಲ್ರೂ ಏಸಿ ಹಾಕ್ಸಿ ಲೋಡ್ ಏರಿಸೋಕೆ ಬರ್ತಾರೆ, ನೀವು ಇಳಿಸೋಕೆ ಬಂದಿದೀರಲ್ರಿ" ಅಂದ. ಮಗಳ ಒಪ್ಪಂದ ಮುಗಿಯೋದಿದ್ದದ್ದು 2026ರ ಫೆಬ್ರವರಿಗೆ. ಜನವರಿ ಹಾಳೆ ಮೇಲೆ ಆಗಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟೆ.