ಶ್ರುತಿ ಸೇರಲ್ಲ, ಆದ್ರೂ ಯಾಕೆ ಅಷ್ಟು ಜೋರಾಗಿ ಹಾಡ್ತೀರಾ?

ಚರ್ಚಲ್ಲಿ ನನ್ನ ಪಕ್ಕ ಕೂತವರು ಒಂದಲ್ಲ ಒಂದು ದಿನ ಕೇಳೇ ಕೇಳ್ತಾರೆ, "ಆಂಟಿ, ನಿಮಗೆ ಶ್ರುತಿ ಸೇರಲ್ಲ ಅಲ್ವಾ, ಆದ್ರೂ ಅಷ್ಟು ಬಾಯಿಬಿಟ್ಟು ಹಾಡ್ತೀರಲ್ಲ, ಯಾಕೆ?" ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡ್ತಿದೀನಿ. ನಾನು ಅಲ್ಲಿಗೆ ಹೋಗೋದು ಆರಾಧನೆ ಮಾಡೋಕೆ, ಕಛೇರಿ ಕೊಡೋಕಲ್ಲ. ಅಷ್ಟೇ ಉತ್ತರ.

ಪ್ರಾರ್ಥನೇಲಿ ತಡವರಿಸಿದವರನ್ನ ಯಾರೂ ಹೀಗೆ ಕೇಳಲ್ಲ, ಕಾಣಿಕೆಗೆ ಹತ್ತು ರೂಪಾಯಿ ಹಾಕಿದವರನ್ನೂ ಕೇಳಲ್ಲ, ಹಾಡಿಗೆ ಮಾತ್ರ ಪರೀಕ್ಷೆ. ಬೈಬಲ್‌ನ ನೂರನೇ ಕೀರ್ತನೆ ಜಯಘೋಷ ಮಾಡಿ ಅಂತ ಕರೆಯೋದು ಸಮಸ್ತ ಭೂನಿವಾಸಿಗಳನ್ನ, ಅದರಲ್ಲಿ ನಾನೂ ಬಂದೆ. ಮೆಥಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ 1761ರಲ್ಲೇ ಹಾಡಿನ ಪುಸ್ತಕದ ಜೊತೆ ಸೂಚನೆಗಳನ್ನ ಅಚ್ಚು ಹಾಕಿಸಿದ್ರು, ಎಲ್ಲರೂ ಹಾಡಿ, ಅರೆಜೀವ ಆದವರ ಹಾಗೆ ಹಾಡಬೇಡಿ, ದನಿ ಎತ್ತಿ ಅಂತ. ಸಭೆಯ ದನಿ ಮೀರಿ ಕಿರುಚಬೇಡಿ ಅಂತಾನೂ ಅದರಲ್ಲೇ ಇದೆ, ಅದನ್ನೂ ಪಾಲಿಸ್ತೀನಿ, ಆದಷ್ಟು ಪಕ್ಕದವರನ್ನ ಕೇಳಿಸ್ಕೊಂಡೇ ಹಾಡೋದು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ಸಭೆಗಳು 1947ರಲ್ಲಿ ಸಿಎಸ್‌ಐಗೆ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾಗೆ ಸೇರಿದವು, ನಮ್ಮ ಚರ್ಚೂ ಅದೇ ಬಳ್ಳಿಯದು. ಹಾಗಾಗಿ ನಮ್ಮೋರಿಗೆ ಇದು ಹೊಸ ಪಾಠ ಆಗಬಾರದಿತ್ತು.

ಒಂದ್ಸಲ ನಮ್ಮ ಬೀದಿಲಿ ಒಬ್ಬರು ತೀರಿಕೊಂಡ್ರು. ವಾರದ ನಡುವೆ, ಕ್ವಾಯರ್‌ನವರೆಲ್ಲ, ಅಂದ್ರೆ ಚರ್ಚಲ್ಲಿ ಮುಂದೆ ನಿಂತು ಹಾಡೋ ತಂಡದವರು, ಕೆಲಸಕ್ಕೆ ಹೋಗಿದ್ರು, ಕೀಬೋರ್ಡ್ ಇಲ್ಲ, ಮೈಕ್ ಇಲ್ಲ. ನಮ್ಮ ಪಾದ್ರಿ ಅಯ್ಯನವರು ಹಾಡಿನ ನಂಬರ್ ಹೇಳಿದ್ರು, ಎಲ್ಲರೂ ಪುಟ ತೆಗೆದು, ಬೇರೆ ಯಾರಾದ್ರೂ ಶುರು ಮಾಡ್ಲಿ ಅಂತ ತಲೆ ತಗ್ಗಿಸಿ ನಿಂತ್ರು. ಶವಪೆಟ್ಟಿಗೆ ಪಕ್ಕ ಕೂತಿದ್ದ, ತೀರಿಕೊಂಡವರ ಹೆಂಡತಿ ಒಂದ್ಸಲ ಕತ್ತೆತ್ತಿ ಎಲ್ಲರ ಮುಖ ನೋಡಿದ್ರು. ನಾನೇ ಶುರು ಮಾಡಿದೆ. ಶ್ರುತಿ ಮೇಲಾಯ್ತು, ಎರಡನೇ ಸಾಲಲ್ಲಿ ದನಿ ಒಡೀತು, ನಿಲ್ಲಿಸಲಿಲ್ಲ. ಚರಣ ಮುಗಿಯೋ ಹೊತ್ತಿಗೆ ಆ ಅಮ್ಮ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದು ಒಂದೊಂದೇ ಮಾತು ಹಾಡೋಕೆ ಶುರು ಮಾಡಿದ್ರು, ಆಮೇಲೆ ಮನೆಯೆಲ್ಲ ಹಾಡ್ತು.

ಅದಕ್ಕೇ ಹೇಳೋದು, ನಾನು ಯಾಕೆ ಹಾಡ್ತೀನಿ ಅನ್ನೋದು ಬಿಡಿ, ಅಷ್ಟು ಜನ ಅವತ್ತು ಯಾಕೆ ಸುಮ್ಮನಿದ್ರು ಅಂತ ಕೇಳಿ. ನಮಗೆ ಹಾಡೋ ಅಭ್ಯಾಸವೇ ತಪ್ಪಿದೆ. ಭಾನುವಾರ ಸ್ಪೀಕರ್ ಸೌಂಡಿಗೆ ಪಕ್ಕದವರ ದನಿ ಇರಲಿ ನಮ್ಮ ದನಿಯೇ ನಮಗೆ ಕೇಳಲ್ಲ, ಮುಂದೆ ಹಾಡೋರಿಗೆ ಹೊಂದೋ ಶ್ರುತಿ ನಮ್ಮ ಗಂಟಲಿಗೆ ಏರಲ್ಲ, ಹಳೇ ಹಾಡು ಬಾಯಿಗೆ ಬರೋ ಮೊದಲೇ ಹೊಸದು ಸ್ಕ್ರೀನ್ ಮೇಲೆ ಬಂದಿರುತ್ತೆ. ಕ್ವಾಯರ್ ಮಕ್ಕಳು ಶನಿವಾರ ಸಾಯಂಕಾಲ ಎಲ್ಲ ಬಿಟ್ಟು ಪ್ರಾಕ್ಟೀಸ್‌ಗೆ ಬರ್ತಾರೆ, ಅದರ ಬಗ್ಗೆ ನನಗೆ ಗೌರವ ಇದೆ. ಒಂದು ಚರಣ ಮಾತ್ರ ವಾದ್ಯ ಎಲ್ಲ ನಿಲ್ಲಿಸಿ ಸಭೆಗೆ ಬಿಟ್ಟುಕೊಡ್ರಪ್ಪಾ, ಶ್ರುತಿ ಸ್ವಲ್ಪ ಇಳಿಸಿ.

ಹಿಂದಿನ ಬೆಂಚಲ್ಲಿ ಪುಸ್ತಕ ಹಿಡ್ಕೊಂಡು ಬರೀ ತುಟಿ ಆಡಿಸೋ ಅಂಕಲ್ ಒಬ್ಬರಿದ್ದಾರೆ. ಚಿಕ್ಕವರಿದ್ದಾಗ ಯಾರೋ "ನೀನು ಹಾಡಬೇಡ" ಅಂದಿದ್ರಂತೆ, ಮೊಮ್ಮಕ್ಕಳಾದ್ರೂ ಇನ್ನೂ ದನಿ ಎತ್ತಿಲ್ಲ. ಮುಂದಿನ ಭಾನುವಾರ ನನ್ನನ್ನ ಕೇಳೋ ಬದಲು ಅವರ ಪಕ್ಕ ಹೋಗಿ ನಿಂತ್ಕೊಂಡು ಹಾಡಿ.