ಕೊನೆ ಗೊತ್ತಿದ್ದೂ ಎದೆ ಡವಗುಟ್ಟುವುದೇಕೆ?

ಬಾಹ್ಯಾಕಾಶದಲ್ಲಿ ಸಿಕ್ಕಿಬಿದ್ದವರ ಸಿನಿಮಾ ಎಂದ ಕೂಡಲೇ ಎದುರಾಗುವ ಪ್ರಶ್ನೆ ಇದು: “ಚಂದ್ರನತ್ತ ಹೊರಟ ಅಪೋಲೊ 13ರ ಮೂವರೂ ಬದುಕಿ ಬಂದರು ಅಂತ ನೋಡುವ ಮೊದಲೇ ಗೊತ್ತು. ಆದರೂ ಆ ಸಿನಿಮಾ ಕುರ್ಚಿಯ ತುದಿಗೆ ತಂದು ಕೂರಿಸುತ್ತೆ. ಗ್ರಹಗಳನ್ನೇ ಉಡಾಯಿಸುವ ಸಿನಿಮಾದಲ್ಲಿ ಆಕಳಿಕೆ ಬರುತ್ತೆ. ಯಾಕೆ?”

ಯಾಕೆಂದರೆ ಮೊದಲನೆಯದು ಲೆಕ್ಕದ ಪುಸ್ತಕವನ್ನು ನಮ್ಮ ಕೈಗೂ ಕೊಟ್ಟಿರುತ್ತದೆ. ಬದುಕುತ್ತಾರೋ ಇಲ್ಲವೋ ಎಂಬುದು ನಮ್ಮನ್ನು ಕಾಡುವುದಿಲ್ಲ. ಇಷ್ಟರಲ್ಲಿ ಹೇಗೆ ಬದುಕುತ್ತಾರೆ ಎಂಬುದು ಕಾಡುತ್ತದೆ.

ರಾನ್ ಹೊವಾರ್ಡ್ 1995ರಲ್ಲಿ ತೆಗೆದ ‘ಅಪೋಲೊ 13’ ಚಿತ್ರಕ್ಕೆ ಬಂಡವಾಳ ಒದಗಿಸಿದ್ದು ನಿಜವಾದ ಅವಘಡವೇ. 1970ರ ಏಪ್ರಿಲ್ 13ರಂದು, ಭೂಮಿಯಿಂದ ಸುಮಾರು 3.2 ಲಕ್ಷ ಕಿ.ಮೀ. ದೂರದಲ್ಲಿ, ಆಮ್ಲಜನಕದ ಟ್ಯಾಂಕೊಂದು ಸಿಡಿಯಿತು. ಮುಖ್ಯ ನೌಕೆಯ ವಿದ್ಯುತ್ತು ಹೋಯಿತು. ಜಿಮ್ ಲೋವೆಲ್, ಜಾಕ್ ಸ್ವೈಗರ್ಟ್, ಫ್ರೆಡ್ ಹೈಸ್ ಮೂವರೂ ಚಂದ್ರನ ಮೇಲೆ ಇಳಿಯಲೆಂದಿದ್ದ ಪುಟ್ಟ ನೌಕೆಯೊಳಗೆ ಸೇರಿಕೊಂಡರು. ಅದನ್ನು ಕಟ್ಟಿದ್ದು ಇಬ್ಬರಿಗೆ, ಸುಮಾರು ಎರಡು ದಿನಕ್ಕೆ. ಈಗ ಮೂವರು, ಸುಮಾರು ನಾಲ್ಕು ದಿನ. ಅಲ್ಲಿಗೆ ಪ್ರೇಕ್ಷಕನೂ ಮನಸ್ಸಿನಲ್ಲೇ ಭಾಗಾಕಾರ ಶುರುಮಾಡಿದ.

ಆಮ್ಲಜನಕ ಮುಗಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ, ಅದು ಬೇಕಾದಷ್ಟಿತ್ತು. ಕೊಲ್ಲಲು ಹೊರಟಿದ್ದು ಅವರೇ ಬಿಟ್ಟ ಉಸಿರು. ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ಪುಟ್ಟ ನೌಕೆಯಲ್ಲಿ ಸಾಲದು. ಮುಖ್ಯ ನೌಕೆಯಲ್ಲಿ ಧಾರಾಳವಾಗಿದ್ದವು, ಆದರೆ ಅವು ಚೌಕ. ಇಲ್ಲಿನ ಕಿಂಡಿ ಗುಂಡಗೆ. ಚಿತ್ರದಲ್ಲಿ ನೆಲದ ಮೇಲಿನ ಎಂಜಿನಿಯರುಗಳು ನೌಕೆಯಲ್ಲಿರುವ ಸಾಮಾನನ್ನಷ್ಟೇ ಮೇಜಿನ ಮೇಲೆ ಸುರಿಯುತ್ತಾರೆ: ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ. ಇಷ್ಟೇ, ಇದರ ಹೊರತು ಇನ್ನೊಂದು ಮೊಳೆಯೂ ಇಲ್ಲ. ನನ್ನ ಪ್ರಕಾರ ಈ ಬಗೆಯ ಸಿನಿಮಾಗಳಲ್ಲೇ ಇದಕ್ಕಿಂತ ಬಿಗಿಯಾದ ದೃಶ್ಯ ಅಪರೂಪ, ಅದೂ ಮೇಜಿನ ಸುತ್ತ ನಿಂತ ಜನರನ್ನಿಟ್ಟುಕೊಂಡು ತೆಗೆದದ್ದು. ಇಂಗಾಲದ ಡೈಆಕ್ಸೈಡಿಗೆ ಇನ್ನೊಂದು ಕೆಟ್ಟ ಗುಣವಿದೆ. ಅದು ಹೆಚ್ಚಾದರೆ ಮೊದಲು ತಲೆನೋವು, ಮಂಕು. ರಿಪೇರಿ ಮಾಡಬೇಕಾದ ಬುದ್ಧಿಯನ್ನೇ ಮೊದಲು ತಿನ್ನುತ್ತದೆ.

ಎರಡನೆಯ ಗುಟ್ಟು ಗಂಟುಗಳದ್ದು. ಒಂದನ್ನು ಬಿಚ್ಚಿದರೆ ಅದೇ ದಾರ ಇನ್ನೊಂದು ಕಡೆ ಬಿಗಿಯಬೇಕು. ಬ್ಯಾಟರಿ ಉಳಿಸಲು ಪುಟ್ಟ ನೌಕೆಯ ಬಳಕೆಯನ್ನು ಸುಮಾರು 12 ಆಂಪಿಯರಿಗೆ ಇಳಿಸಿದರು. 28 ವೋಲ್ಟಿನಲ್ಲಿ ಅದು 336 ವಾಟ್. ನಮ್ಮ ಅಡುಗೆಮನೆಯ 750 ವಾಟಿನ ಮಿಕ್ಸಿಗೆ ಬೇಕಾದ್ದರಲ್ಲಿ ಅರ್ಧವೂ ಅಲ್ಲ. ಯಂತ್ರಗಳನ್ನು ತಂಪಾಗಿಡಲು ನೀರು ಬೇಕಿದ್ದರಿಂದ ಕುಡಿಯುವ ನೀರಿಗೆ ಕತ್ತರಿ ಬಿತ್ತು: ಒಬ್ಬೊಬ್ಬರಿಗೆ ದಿನಕ್ಕೆ 200 ಮಿ.ಲೀ.ಗಿಂತ ಕಡಿಮೆ. ಯಂತ್ರಗಳು ಆರಿದ ಮೇಲೆ ಬಿಸಿ ಎಲ್ಲಿಂದ ಬರಬೇಕು? ಮುಖ್ಯ ನೌಕೆ 3-4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಿತು. ಚಳಿಗೆ ಗೋಡೆ, ಸ್ವಿಚ್ಚು, ತಂತಿಗಳ ಮೇಲೆಲ್ಲ ನೀರಹನಿ ಕಟ್ಟಿತು. ಮನೆಗೆ ಮರಳಲು ಒತ್ತಬೇಕಾದ ಸ್ವಿಚ್ಚುಗಳು ಅವೇ. ಶಾರ್ಟ್ ಆಗಲಿಲ್ಲ, ಏಕೆಂದರೆ 1967ರಲ್ಲಿ ನೆಲದ ಮೇಲೆಯೇ ಬೇರೆ ಮೂವರು ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡ ಬೆಂಕಿಯ ನಂತರ ತಂತಿಗಳ ರಕ್ಷಣೆಯನ್ನು ಬಿಗಿ ಮಾಡಿದ್ದರು.

ಆ ಸ್ವಿಚ್ಚುಗಳನ್ನು ಯಾವ ಕ್ರಮದಲ್ಲಿ ಒತ್ತಿದರೆ ಬ್ಯಾಟರಿ ತಾಳುತ್ತದೆ ಎಂದು ಈ ಯಾನಕ್ಕೆ ಹೋಗದೆ ಉಳಿದ ಗಗನಯಾತ್ರಿ ಕೆನ್ ಮ್ಯಾಟಿಂಗ್ಲಿ ನೆಲದ ಮೇಲೆ ಮತ್ತೆ ಮತ್ತೆ ಪ್ರಯತ್ನಿಸುವುದನ್ನು ಚಿತ್ರ ತೋರಿಸುತ್ತದೆ. ನಿಜದಲ್ಲಿ ಅದು ಹಲವರ ಕೆಲಸ. ಒಬ್ಬನ ತಲೆಗೆ ಕಟ್ಟಿದ್ದು ಸರಿಯೇ, ಹತ್ತು ಮುಖಗಳ ಹಿಂದೆ ಪ್ರೇಕ್ಷಕ ಓಡಲಾರ. ಆದರೆ ನೌಕೆಯೊಳಗೆ ಸೇರಿಸಿದ ಜಗಳ ಬೇಕಿರಲಿಲ್ಲ. ಅಷ್ಟು ಕಷ್ಟವಿದ್ದಾಗ ಮನುಷ್ಯರೂ ಕಿತ್ತಾಡಬೇಕೇ?

ಹಾಗಾದರೆ ವಿಜ್ಞಾನ ಕೂದಲೆಳೆಯಷ್ಟೂ ತಪ್ಪಬಾರದೇ? ಹಾಗೇನಿಲ್ಲ. ‘ದಿ ಮಾರ್ಷಿಯನ್’ (2015) ಶುರುವಾಗುವುದೇ ಸುಳ್ಳಿನಿಂದ. ಮಂಗಳನ ಗಾಳಿಯ ಒತ್ತಡ ನಮ್ಮದರ ಶೇಕಡ 1ರಷ್ಟೂ ಇಲ್ಲ. ಅಲ್ಲಿನ ಬಿರುಗಾಳಿ ರಾಕೆಟ್ಟನ್ನು ಉರುಳಿಸಲಾರದು. ಆದರೆ ಆ ಸುಳ್ಳು ನಾಯಕನನ್ನು ಹಳ್ಳಕ್ಕೆ ನೂಕುತ್ತದೆಯೇ ಹೊರತು ಮೇಲೆತ್ತುವುದಿಲ್ಲ, ಆಮೇಲೆ ಅಲ್ಲಿ ಒಂಟಿಯಾಗಿ ಉಳಿದು ಹೊಟ್ಟೆಪಾಡಿಗೆ ಬೆಳೆಯುವ ಆಲೂಗಡ್ಡೆಯ ಲೆಕ್ಕವನ್ನು ಅವನು ನಮ್ಮೆದುರೇ ಹಾಕುತ್ತಾನೆ. ಕ್ಷಮಿಸಬಹುದು. ‘ಗ್ರ್ಯಾವಿಟಿ’ (2013) ತಪ್ಪುವುದು ದಾರಿಯಲ್ಲಿ. ಅದರ ಗಗನಯಾತ್ರಿಗಳು ಬೆನ್ನಿಗೆ ಕಟ್ಟಿದ ಯಂತ್ರದ ಬಲದಿಂದ ಹಬಲ್ ದೂರದರ್ಶಕದ ಬಳಿಯಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುತ್ತಾರೆ. ಹಬಲ್ ದೂರದರ್ಶಕದ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ಓರೆ, ಅಂತರರಾಷ್ಟ್ರೀಯ ನಿಲ್ದಾಣದ್ದು 51.6. ಅಲ್ಲಿಂದ ಇಲ್ಲಿಗೆ ಬರಲು ವೇಗವನ್ನು ಸೆಕೆಂಡಿಗೆ ಕನಿಷ್ಠ 3 ಕಿ.ಮೀ.ನಷ್ಟು ಬದಲಿಸಬೇಕು, 1984ರಲ್ಲಿ ನಾಸಾ ಬಳಸಿದ ಬೆನ್ನಿಗೆ ಕಟ್ಟುವ ಯಂತ್ರಕ್ಕೆ ಸಾಧ್ಯವಿದ್ದದ್ದು ಸೆಕೆಂಡಿಗೆ ಸುಮಾರು 25 ಮೀಟರ್. ಆದರೂ ಆ ಚಿತ್ರ ಹಿಡಿದಿಡುತ್ತದೆ. ಒಂದು, ಒಡೆದ ಉಪಗ್ರಹಗಳ ಅವಶೇಷಗಳು 90 ನಿಮಿಷಕ್ಕೊಮ್ಮೆ ಸುತ್ತಿ ಬರುತ್ತವೆಂದು ಮೊದಲೇ ಹೇಳಿ ನಮ್ಮ ಕೈಗೆ ಗಡಿಯಾರ ಕಟ್ಟಿರುತ್ತದೆ. ಇನ್ನೊಂದು, ಹೊರಗೆ ಸದ್ದಿಲ್ಲ. ಕೈ ತಾಗಿದ ವಸ್ತುವಿನ ಅದುರು ಮಾತ್ರ ಉಡುಪಿನ ಮೂಲಕ ಮಂದವಾಗಿ ಕೇಳುತ್ತದೆ. ನಿಲ್ದಾಣ ಚೂರಾಗುವುದನ್ನು ಕಣ್ಣು ಕಂಡರೂ ಕಿವಿಗೆ ಸುದ್ದಿ ಬರುವುದಿಲ್ಲ.

ಇಂಥ ಸಿನಿಮಾ ನಿಜವಾಗಿ ಕೆಡುವುದು ಕೊನೆಯ ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಒಂದು ಹೆಚ್ಚುವರಿ ಬ್ಯಾಟರಿ ಸಿಕ್ಕಾಗ. ಅಷ್ಟು ಹೊತ್ತು ನಾವು ಹಾಕಿದ ಲೆಕ್ಕವೆಲ್ಲ ನೀರಲ್ಲಿ ಹೋಮ. ಮುಂದಿನ ಅಪಾಯವನ್ನು ಯಾರೂ ನಂಬುವುದಿಲ್ಲ.

ಅಪೋಲೊ 13ರ ಕೊನೆಯಲ್ಲಿ ಸಿಗುವುದು ಬ್ಯಾಟರಿಯಲ್ಲ, ಮೌನ. ವಾತಾವರಣಕ್ಕೆ ನುಗ್ಗುವಾಗ ನೌಕೆಯ ಸುತ್ತ ಕಾದ ಅನಿಲ ರೇಡಿಯೊವನ್ನು ಮುಚ್ಚಿಬಿಡುತ್ತದೆ, ಕೆಲವೇ ನಿಮಿಷ. ಎಷ್ಟು ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ. 1970ರ ಏಪ್ರಿಲ್ 17ರಂದು ಆ ಹೊತ್ತು ಮೀರಿ ಮತ್ತೂ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಸದ್ದೇ ಇರಲಿಲ್ಲ. ಎಣಿಸಲು ಆಂಪಿಯರ್ ಇಲ್ಲ, ನೀರಿಲ್ಲ, ಡಬ್ಬಿಯಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಕಾಯುತ್ತಿರುವ ಮುಖಗಳನ್ನು ಒಂದಾದ ಮೇಲೊಂದು ತೋರಿಸುತ್ತಾ ಹೋಗುತ್ತಾರೆ; ನಾವು ಗಡಿಯಾರ ನೋಡುತ್ತೇವೆ.